ನಾಲ್ಕು ತಂತಿಗಳ ಅದಲುಬದಲು

ಕೆಂಪು ಕೂತಿತು, ಹಸಿರು ಕೂತಿತು, ಬಿಳಿಯೂ ಕೂತಿತು. ನೀಲಿ ತಂತಿ ಮಾತ್ರ ಚಿಮಟದ ತುದಿಯಿಂದ ಎರಡು ಸಲ ಜಾರಿತು.

ಚಿಗುಸಾ ಕೈ ಹಿಂದೆಗೆದು ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಕೂದಲಿಗಿಂತ ತುಸುವೇ ದಪ್ಪದ ತಂತಿ. ರೆಕಾರ್ಡ್ ನುಡಿಸುವ ಸೂಜಿಯನ್ನು ಹೊತ್ತ ಕಾರ್ಟ್ರಿಜ್ಜಿನ ಹಿಂಬದಿಯಲ್ಲಿ ನಾಲ್ಕು ಮೊಳೆಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಹೆಚ್ಚು ಒತ್ತಿದರೆ ಮೊಳೆ ಮುರಿಯುತ್ತದೆ, ಕಡಿಮೆ ಒತ್ತಿದರೆ ತಂತಿ ಕಳಚುತ್ತದೆ. ಒಚಾನೊಮಿಜುವಿನ ಈ ಸಂಗೀತಯಂತ್ರಗಳ ಅಂಗಡಿಯ ಮೂರನೇ ಮಹಡಿಯಲ್ಲಿ ಹನ್ನೆರಡು ವರ್ಷದಿಂದ ಅವಳು ಮಾಡುತ್ತ ಬಂದ ಕೆಲಸ ಇದು.

"ಮುರಾಓಕಾ-ಸಾನ್, ಲಿಫ್ಟ್ ಬಾಗಿಲು ತೆರೆದಾಗಲೆಲ್ಲ ಕತ್ತೆತ್ತಿದ್ರೆ ತಂತಿ ಎಲ್ಲಿ ಕೂರುತ್ತೆ?"

ಮಹಡಿಯ ಮೇಲ್ವಿಚಾರಕ ನೊನಾಕಾ ಪತ್ರಿಕೆಯ ಹಿಂದಿನಿಂದಲೇ ಕೇಳಿದ. ಚಿಗುಸಾ ಮುರಾಓಕಾ ಮತ್ತೆ ಚಿಮಟ ಎತ್ತಿಕೊಂಡಳು.

ಇವತ್ತು ಸೋಮವಾರ. ಕುರಾಹಶಿ ಬಾರದ ಐದನೆಯ ಸೋಮವಾರ...

ಕುರಾಹಶಿ ಅವಳ ಗಿರಾಕಿ, ಓಜಿ ಬಡಾವಣೆಯ ಕ್ಷೌರಿಕ. ವಯಸ್ಸು ಐವತ್ತನಾಲ್ಕು. ಸೋಮವಾರ ಅವನ ಅಂಗಡಿಗೆ ರಜೆ. ಮಾರ್ಚಿನ ಒಂದು ಸೋಮವಾರ ಅವನು ಮೊದಲ ಸಲ ಬಂದಾಗ ಚಿಗುಸಾ, ಯಂತ್ರಗಳನ್ನು ಕೇಳಿ ನೋಡುವ ಕೋಣೆಯ ನಡುವಿನ ಕುರ್ಚಿ ತೋರಿಸಿದ್ದಳು. ಅವನು ಕೂರುವ ಮೊದಲು ಆ ಕುರ್ಚಿಯನ್ನೇ ಓರೆಯಾಗಿ ತಿರುಗಿಸಿಕೊಂಡ. ಈಗ ಅವನ ಮುಖ ಸ್ಪೀಕರುಗಳ ಕಡೆಗಿರಲಿಲ್ಲ, ನೇರ ಅವಳ ಕಡೆಗಿತ್ತು.

"ನೇರ ಕೂತ್ರೆ ಸರಿಯಾಗಿ ಕೇಳುತ್ತೆ," ಎಂದಿದ್ದಳು ಗಲಿಬಿಲಿಯಾಗಿ.

"ನಾನು ಅಷ್ಟೇನೂ ನೇರದ ಮನುಷ್ಯ ಅಲ್ಲ," ಎಂದು ಅವನು ನಕ್ಕಿದ್ದ.

ನಲವತ್ತಾರರ ಹೆಣ್ಣಿನ ಕಿವಿ ಹಾಗೆ ಬಿಸಿಯಾಗಬಾರದಿತ್ತು. ಆಯಿತು.

ಆಮೇಲೆ ನಾಲ್ಕು ತಿಂಗಳು ಅವನು ಟರ್ನ್‌ಟೇಬಲ್‌ಗಳನ್ನು ಹೋಲಿಸಿದ. ಬೆಲ್ಟಿನಿಂದ ತಿರುಗುವ ಭಾರದ ತಟ್ಟೆಯ ಯಂತ್ರದಲ್ಲಿ ಹಾಡಿನ ಹಿಂದಿನ ಮೌನ ಚೆನ್ನಾಗಿದೆ ಎಂದ. ಮೋಟಾರೇ ನೇರವಾಗಿ ತಿರುಗಿಸುವುದನ್ನು ಕೇಳಿ, ಇದು ಯಮನೋತೆ ರೈಲಿನ ಹಾಗೆ ಒಂದು ಕ್ಷಣವೂ ತಪ್ಪುವುದಿಲ್ಲ, ಆದರೆ ನನಗೆ ತಡವಾಗಿ ಬರುವವರೇ ಇಷ್ಟ ಎಂದ. ರಬ್ಬರ್ ಗಾಲಿಯಿಂದ ಓಡುವ ಹಳೆಯ ಯಂತ್ರ ಎದೆಗೆ ತಾಗುತ್ತದೆ ಎಂದ. ಕೊನೆಗೆ ಯಾವುದೂ ಬೇಡ, ಮನೆಯ ಯಂತ್ರಕ್ಕೆ ಹೊಸ ಸೂಜಿ ಸಾಕು ಎಂದ.

ಕಾರು ಓಡಿಸಿ ನೋಡಿ ಚಕ್ರದ ಮುಚ್ಚಳ ಕೊಂಡ ಗಿರಾಕಿ ಎಂದು ನೊನಾಕಾ ಗೇಲಿ ಮಾಡಿದ. ಚಿಗುಸಾಗೆ ಮಾತ್ರ ಖುಷಿಯೇ ಆಗಿತ್ತು. ಸೂಜಿ ಆರಿಸಲು ಇನ್ನೂ ಮೂರು ಸೋಮವಾರ ಬೇಕಲ್ಲ. ಅವನ ಯಂತ್ರದಲ್ಲಿ ಸೂಜಿ ಹಿಡಿಯುವ ತೋಳು ಭಾರದ್ದು, ಅದಕ್ಕೆ ಮೆತ್ತಗಿನ ಸೂಜಿ ಹೊಂದುವುದಿಲ್ಲ. ಗಡುಸಿನ ಮೂರು ಕಾರ್ಟ್ರಿಜ್ಜುಗಳನ್ನು ಅವಳು ಒಂದೊಂದಾಗಿ ಕೇಳಿಸಿದಳು. ಮೂರು ವಾರವೂ ಅವನು ತಂದದ್ದು ಒಂದೇ ರೆಕಾರ್ಡ್. ಯಾವುದೋ ಕಾಫಿ ಅಂಗಡಿಯಲ್ಲಿ ನುಡಿಸಿ, ಮುನ್ನೂರೇ ಪ್ರತಿ ಅಚ್ಚು ಹಾಕಿಸಿದ್ದು. ಎಡ ಸ್ಪೀಕರಿನಲ್ಲಿ ಪಿಯಾನೊ, ಬಲದ್ದರಲ್ಲಿ ಆಳೆತ್ತರದ ಬೇಸ್ ವಾದ್ಯ. ರಟ್ಟಿನ ಮೇಲೆ ಪಿಯಾನೊ ನುಡಿಸುತ್ತಿದ್ದ ಹುಡುಗಿಯ ಚಿತ್ರ.

ಅವಳನ್ನು ಕೇಳಲೆಂದೇ ಇವರು ಬರುವುದು... ಚಿಗುಸಾ ಹಾಗಂದುಕೊಂಡಿದ್ದಳು.

ಹೊಸ ಕಾರ್ಟ್ರಿಜ್ಜನ್ನು ಅವನ ಕೈಗೆ ಕೊಡುವ ದಿನ, ಪಕ್ಕದಲ್ಲಿ ನಿಂತು ರಟ್ಟಿನ ಮೇಲಿನ ಹುಡುಗಿಯನ್ನು ನೋಡುತ್ತ, ತಡೆಯಲಾರದೆ ಮೆಲ್ಲಗೆ ಕೇಳಿಬಿಟ್ಟಳು. "ಇವರು ನಿಮ್ಮವರಾ?"

ಅವನು ಉತ್ತರಿಸಲಿಲ್ಲ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ತಲೆಬಾಗಿ ಹೊರಟುಹೋದ. ತಿಂಗಳೊಳಗೆ ಸೂಜಿ ನೋಡಿಸಲು ಬರಬೇಕಿತ್ತು. ಬರಲಿಲ್ಲ.

ಯಾಕೆ ಕೇಳಿದೆ? ನಾನು ಯಾರು ಕೇಳೋಕೆ? ಐದು ವಾರ ಅಕ್ಕಿ ತೊಳೆಯುವಾಗ, ಹಲ್ಲುಜ್ಜುವಾಗ ಅದೇ ಪ್ರಶ್ನೆ. ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ಅಡಗಲು ಜಾಗವೂ ಇರಲಿಲ್ಲ.

ನೀಲಿ ತಂತಿ ಕೊನೆಗೂ ಕೂತಿತು. ಚಿಗುಸಾ ಎದ್ದು ಫೋನಿನ ಬಳಿ ಹೋದಳು. ಹೊಸ ಸೂಜಿ ಕೂರಿಸಿದವರಿಗೆ ತಿಂಗಳ ಮೇಲೆ ಕರೆ ಮಾಡಿ ವಿಚಾರಿಸುವುದು ಅಂಗಡಿಯ ಪದ್ಧತಿ. ಇದು ಪದ್ಧತಿ ಅಷ್ಟೇ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ಆ ಕಡೆಯ ದನಿ ದಣಿದಿತ್ತು. ಸೂಜಿ ಚೆನ್ನಾಗಿದೆ ಎಂದ ಕುರಾಹಶಿ. ಯಂತ್ರವನ್ನು ಮಾತ್ರ ಮಾರಬೇಕು, ಅಂಗಡಿಯವರು ಕೊಳ್ಳುತ್ತಾರಾ ಎಂದು ಕೇಳಿದ.

"ಮಾರೋದಾ... ಯಾಕೆ?"

"ನನ್ನ ಬಲಗಿವಿ ಹದಿನಾರು ವರ್ಷದಿಂದ ಕೇಳಲ್ಲ, ಮುರಾಓಕಾ-ಸಾನ್. ನಿಮ್ಮಂಥ ಒಳ್ಳೆ ಕಿವಿಯವರ ಮುಂದೆ ಹೇಳೋಕೆ ನಾಚಿಕೆ ಆಯ್ತು. ಆಗ ಮೊದಲು ಹೋಗಿದ್ದು ಕೆಳಗಿನ ಸ್ವರಗಳು. ಈಗ ಎಡಗಿವೀಲೂ ಹಾಗೇ ಆಗ್ತಿದೆ. ಆ ರೆಕಾರ್ಡಲ್ಲಿ ಪಿಯಾನೊ ಸರಿಯಾಗೇ ಕೇಳುತ್ತೆ, ಬೇಸ್ ಮಾತ್ರ ಇಲ್ಲ. ಡಾಕ್ಟರು ಎಡಗಿವಿ ಸರಿಯಿದೆ ಅಂತಾರೆ. ಸಮಾಧಾನಕ್ಕೆ ಹೇಳ್ತಾರೆ, ಬಿಡಿ."

ಚಿಗುಸಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

ಹಾಗಾದರೆ ಆ ಓರೆ ಕುರ್ಚಿ ತನಗಾಗಿ ತಿರುಗಿದ್ದಲ್ಲ, ಎಡಗಿವಿ ಸ್ಪೀಕರುಗಳ ಕಡೆಗಿರಲೆಂದು. ಆ ದಿನ ತಾನು ನಿಂತದ್ದು ಅವನ ಬಲಗಡೆ. ಪ್ರಶ್ನೆ ಅವನಿಗೆ ಕೇಳಿಸಿಯೇ ಇರಲಿಲ್ಲ...

ನಗಬೇಕೋ ಅಳಬೇಕೋ ತಿಳಿಯುವ ಮೊದಲೇ ಅವಳಿಗೆ ಇನ್ನೊಂದು ನೆನಪು ಬಂತು.

"ಮನೇಲಿ ಹೇಗೆ ಕೇಳ್ತೀರಿ? ಸ್ಪೀಕರಲ್ಲಾ?"

"ಇಲ್ಲಿ ಗೋಡೆ ತೆಳು. ಹೆಡ್‌ಫೋನಲ್ಲಿ."

"ಇವತ್ತೇ ಬರ್ತೀನಿ. ಯಾರಿಗೂ ಮಾರಬೇಡಿ," ಎಂದು ಫೋನಿಟ್ಟಳು.

ಅವನು ಮನೆಯ ಯಂತ್ರದ ತೋಳಿನ ತುದಿಯನ್ನು ಕಳಚಿ ತಂದಿದ್ದ; ಅದರಿಂದ ಹಳೆಯ ಕಾರ್ಟ್ರಿಜ್ಜನ್ನು ಬಿಚ್ಚಿದಾಗ ತಂತಿಗಳು ಅದಲುಬದಲಾಗಿದ್ದವು. ಕೆಂಪು-ಹಸಿರು ಇರಬೇಕಾದಲ್ಲಿ ಬಿಳಿ-ನೀಲಿ, ಬಲಗಿವಿಯ ತಂತಿಗಳ ಜಾಗಕ್ಕೆ ಎಡಗಿವಿಯವು. ಯಾರೋ ಗೊತ್ತಿಲ್ಲದವರ ಕೆಲಸ ಎಂದು ಮನಸ್ಸಿನಲ್ಲೇ ನಕ್ಕು, ಹೊಸದನ್ನು ಕ್ರಮಪ್ರಕಾರ ಕೂರಿಸಿದ್ದಳು. ಅವನಿಗೆ ಹೇಳಿಯೂ ಇರಲಿಲ್ಲ. ಗಿರಾಕಿಯ ತಪ್ಪನ್ನು ಅವನಿಗೆ ತಿಳಿಯದಂತೆ ಸರಿಪಡಿಸುವುದು ಈ ಮಹಡಿಯ ಮರ್ಯಾದೆ.

ಹೆಡ್‌ಫೋನಿನಲ್ಲಿ ಬಲಗಡೆಯ ಬೇಸನ್ನು ಅಷ್ಟು ವರ್ಷ ಅವನ ಎಡಗಿವಿಗೆ ತಲುಪಿಸುತ್ತಿದ್ದುದು ಆ ತಪ್ಪು. ಅದನ್ನು ಸರಿ ಮಾಡಿ, ಒಬ್ಬ ಮನುಷ್ಯನನ್ನು ಐದು ವಾರ ಕಿವುಡಿನ ಭಯದಲ್ಲಿ ಒಂಟಿಯಾಗಿ ಕೂರಿಸಿದ್ದಳು ಚಿಗುಸಾ.

"ಅರ್ಧ ದಿನ ರಜೆ ಬೇಕು," ಎಂದಳು ನೊನಾಕಾಗೆ.

ಅವನು ಪತ್ರಿಕೆ ಇಳಿಸಿದ. "ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಯಾರಾದ್ರೂ ಹೋಗಿಬಿಟ್ರಾ?"

"ಹೋಗಬಾರದು ಅಂತಾನೇ."

ಕ್ಷೌರದಂಗಡಿಯ ಮೇಲಿನ ಕೋಣೆ ಚೊಕ್ಕಟವಾಗಿತ್ತು. ಗಾಜಿನ ಬಾಗಿಲಿನ ಪುಟ್ಟ ಬೀರುವಿನ ಪಕ್ಕದಲ್ಲಿ ಯಂತ್ರ, ಅದರ ಮುಂದೆ ಒಂದೇ ದಿಂಬು. ಬಾರ್ಲಿ ಚಹಾ ತಂದಿಟ್ಟು ಕುರಾಹಶಿ ಅವಳ ಎದುರು ಕೂತ. ಕೆನ್ನೆ ಬತ್ತಿತ್ತು. ಇಷ್ಟು ದೂರ ಬರುವ ಅಗತ್ಯವಿರಲಿಲ್ಲ ಎಂದು ಮೂರು ಸಲ ಹೇಳಿದ.

ಚಿಗುಸಾ ಚಿಮಟ ತೆಗೆದಳು. ನಾಲ್ಕು ತಂತಿ ಕಳಚಿ, ನಾಲ್ಕನ್ನೂ ತಪ್ಪು ಜಾಗಕ್ಕೆ ತೊಡಿಸಿದಳು. ವೃತ್ತಿಯಲ್ಲಿ ಮೊದಲ ಸಲ ಬೇಕೆಂದೇ ಮಾಡಿದ ತಪ್ಪು. ಸೂಜಿಯ ಭಾರ ನೋಡಿ, ರೆಕಾರ್ಡ್ ಇಟ್ಟು, ಹೆಡ್‌ಫೋನನ್ನು ಅವನ ಕೈಗೆ ಕೊಟ್ಟಳು.

ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ತಿರುಗುವ ತಟ್ಟೆ ಮಾತ್ರ ಕಾಣುತ್ತಿತ್ತು, ಮತ್ತು ಅವನ ಮುಖ.

ಮೊದಲು ಹುಬ್ಬು ಅಲುಗಿತು. ಆಮೇಲೆ ಮೊಣಕಾಲ ಮೇಲಿನ ಎಡಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿಯಿತು. ನಾಲ್ಕು ಬೆರಳು ಒಂದೊಂದಾಗಿ ಒತ್ತಿದವು, ಜಾರಿದವು, ಮತ್ತೆ ಒತ್ತಿದವು.

ಆಗ ಚಿಗುಸಾಗೆ ಅರ್ಥವಾಯಿತು. ಅವನು ಇಷ್ಟು ದಿನ ಕೇಳಲು ಹಂಬಲಿಸಿದ್ದು ಪಿಯಾನೊ ಹುಡುಗಿಯನ್ನಲ್ಲ. ಬೇಸ್ ನುಡಿಸುತ್ತಿದ್ದ ಹರೆಯದ ತನ್ನನ್ನು.

ಒಂದು ಬದಿ ಮುಗಿಯುವವರೆಗೂ ಅವನು ಕಣ್ಣು ತೆರೆಯಲಿಲ್ಲ. ತೆರೆದಾಗ ಕೆನ್ನೆ ಒದ್ದೆಯಾಗಿತ್ತು.

"ಕಿವಿ ಹೋಗಿಲ್ಲ..." ಎಂದ, ತನಗೇ ಹೇಳಿಕೊಳ್ಳುವಂತೆ. "ಏನಾಗಿತ್ತು?"

ನನ್ನ ತಪ್ಪು, ತಂತಿ ಅದಲುಬದಲಾಗಿತ್ತು. ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಚಿಗುಸಾ ಚಿಮಟವನ್ನು ಚೀಲಕ್ಕಿಟ್ಟಳು, ಮತ್ತೆ ಹೊರತೆಗೆದಳು. ಉಳಿದದ್ದನ್ನು ಹೇಳಿದರೆ, ಹಿಂದೆ ಅವನಿಗಾಗಿ ಆ ತಂತಿಗಳನ್ನು ಬದಲಿಸಿದ ಇನ್ನೊಬ್ಬಳು ಈ ಕೋಣೆಗೆ ಬಂದು ಕೂರುತ್ತಾಳೆ. ಆಮೇಲೆ ತನಗೆ ಜಾಗ ಉಳಿಯುತ್ತದೋ ಇಲ್ಲವೋ.

ಆದರೂ ಹೇಳಿದಳು. ಹಳೆಯ ಕಾರ್ಟ್ರಿಜ್ಜಿನಲ್ಲಿ ನಾಲ್ಕೂ ತಂತಿ ಅದಲುಬದಲಾಗಿದ್ದದ್ದು, ಅದನ್ನು ತಾನು ಸರಿ ಮಾಡಿದ್ದು. "ಒಂದು ತಂತಿ ತಪ್ಪಿದ್ರೆ ಅದು ಅಜಾಗರೂಕತೆ. ನಾಲ್ಕೂ ಜೋಡಿ ಜೋಡಿಯಾಗಿ ತಪ್ಪಿದ್ದವು, ಕುರಾಹಶಿ-ಸಾನ್. ಬೇಸ್ ನಿಮಗೆ ಕೇಳಿಸಲಿ ಅಂತ ಯಾರೋ ಬೇಕಂತಲೇ ಮಾಡಿದ್ದು. ಹೆಡ್‌ಫೋನ್ ತಿರುಗಿಸಿ ಹಾಕ್ಕೊಳ್ಳಿ ಅಂತ ಹೇಳಿ ನಿಮ್ಮನ್ನ ನೋಯಿಸೋಕೆ ಅವರಿಗೆ ಮನಸ್ಸು ಬಂದಿಲ್ಲ."

ಕುರಾಹಶಿ ರಟ್ಟಿನ ಮೇಲಿನ ಹುಡುಗಿಯನ್ನು ನೋಡುತ್ತ ಕೂತ.

"ನನ್ನ ಹೆಂಡತಿ, ಫುಮಿ," ಎಂದ. "ತೀರಿಹೋಗಿ ಆರು ವರ್ಷ ಆಯ್ತು. ಬಲ್ಬ್ ಬದಲಾಯಿಸೋಕೂ ನನ್ನನ್ನೇ ಕರೀತಿದ್ದಳು... ಇದನ್ನ ಎಲ್ಲಿ ಕಲಿತಳೋ."

ಅವನು ಅತ್ತ. ಚಿಗುಸಾ ತಡೆಯಲಿಲ್ಲ, ಎದ್ದುಹೋಗಲೂ ಇಲ್ಲ. ಚಹಾ ಆರಿತು. ಕೆಳಗೆ ಟ್ರಾಮ್ ಎರಡು ಸಲ ಗಂಟೆ ಬಾರಿಸಿ ಹೋಯಿತು.

"ನಾನು ಇದನ್ನ ಹೇಳಬಾರದಿತ್ತೇನೋ," ಎಂದಳು ಕೊನೆಗೆ.

"ನೀವು ಹೇಳದೇ ಇದ್ದಿದ್ರೆ ಇನ್ನೊಂದು ಸಲ ಈ ಮನೆಗೆ ಬರೋಕೆ ನಿಮಗೇ ಆಗ್ತಿರಲಿಲ್ಲ." ಅವನು ಮುಖ ಒರೆಸಿಕೊಂಡ. "ಅಷ್ಟು ಯಂತ್ರ ಕೇಳಿದೆನಲ್ಲ, ನನಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬಾಯಿಗೆ ಬಂದದ್ದು ಹೇಳ್ತಿದ್ದೆ."

"ಮತ್ತೆ ಯಾಕೆ ಬರ್ತಿದ್ರಿ?"

"ಸೂಜಿ ಇಳಿಸೋವಾಗ ನೀವು ಉಸಿರು ಬಿಗಿ ಹಿಡೀತೀರಿ. ಹಾಡು ಶುರುವಾದ್ಮೇಲೆ ಬಿಡ್ತೀರಿ. ಅದನ್ನ ನೋಡೋಕೆ ಕಿವಿ ಬೇಕಾಗಿಲ್ಲ."

ಚಿಗುಸಾಗೆ ಉಸಿರೆಲ್ಲಿದೆ ಎಂಬುದೇ ಮರೆತುಹೋಯಿತು.

"ಸೋಮವಾರ ಅಂಗಡಿಗೆ ಬರ್ಲಾ?" ಅವನು ಮೆಲ್ಲಗೆ ಕೇಳಿದ. "ಏನೂ ಕೊಳ್ಳಲ್ಲ."

"ಬನ್ನಿ. ನೊನಾಕಾ ಬೈತಾರೆ, ಬೈಯಲಿ."

ಟ್ರಾಮ್ ನಿಲ್ದಾಣದವರೆಗೆ ಅವನು ಜೊತೆಗೆ ಬಂದ. ಇಳಿಹೊತ್ತು, ಮೋಡ ಮುಚ್ಚಿತ್ತು. ನಾಲ್ಕು ಹೆಜ್ಜೆ ನಡೆದ ಮೇಲೆ ಚಿಗುಸಾ ಅವನ ಬೆನ್ನ ಹಿಂದಿನಿಂದ ಬಳಸಿ ಎಡಗಡೆಗೆ ಬಂದಳು.

"ಏನಾಯ್ತು?"

"ಏನಿಲ್ಲ. ಈ ಕಡೆ ನೆರಳು."

ಬೀದಿಯ ಯಾವ ಕಡೆಯೂ ಬಿಸಿಲಿರಲಿಲ್ಲ. ಅವನು ಆಕಾಶ ನೋಡಿ ಮುಂದೆ ನಡೆದ. ಇನ್ನು ಮುಂದೆ ಯಾವ ಬೀದಿಯಲ್ಲಾದರೂ ಈ ಕಡೆಯೇ ನಡೆಯುವುದು ಎಂದು ಚಿಗುಸಾ ತೀರ್ಮಾನಿಸಿಕೊಂಡಳು. ಯಾಕೆಂದು ಅವನಿಗೂ ಹೇಳಲಿಲ್ಲ.