ಏಳು ಹತ್ತರ ಜ್ವರ

ಯಾರೋ ಬಾಗಿಲನ್ನು ಮೂರು ಸಲ ಬಡಿದರು. ಸಂಜೆ ಗಂಟೆ ಐದೇ ಆಗಿದ್ದರೂ ಉತ್ತರ ಮಿನೆಸೋಟದ ಆ ಗಣಿಯೂರಿಗೆ ಜನವರಿಯಲ್ಲಿ ಅದು ಗಾಢ ಇರುಳು. ಲೆಂಪಿ ಸಾಲ್ಮೆಲಾ ಚಿಲಕ ತೆಗೆದಳು. ಪಕ್ಕದ ಮನೆಯ ಆರ್ವಿಡ್ ಕೋಸ್ಕಿ ನಿಂತಿದ್ದ. ಹುಬ್ಬಿನ ಮೇಲೆಲ್ಲ ಹಿಮ.

"ಆಂಟಿ, ಅದನ್ನ ಇವತ್ತೂ ಯಾರೋ ಕೊಂದ್ರು!"

"ಒಳಗೆ ಬಾ, ಬಾಗಿಲು ಹಾಕು. ಸತ್ತದ್ದು ಕಾಯತ್ತೆ, ಕಾಫಿ ಕಾಯಲ್ಲ."

ಸತ್ತದ್ದು ಪುರಸಭೆಯ ಸರ್ವರ್. ಹಿಮ ತಳ್ಳುವ ಲಾರಿಗಳಿಗೆ ದಾರಿ ಹೇಳುವ ಯಂತ್ರ. ಈ ವಾರದಲ್ಲೇ ಮೂರು ಬೆಳಿಗ್ಗೆ ಅದು ಬಿಸಿಯೇರಿ ತಾನಾಗಿ ಆರಿಹೋಗಿತ್ತು. ಉಸ್ತುವಾರಿ ಆರ್ವಿಡ್‌ನದು.

"ತಾಪಮಾನ ಬರೆದಿಡೋ ತಂತ್ರಾಂಶ ಹಾಕಿದ್ದೆಯಲ್ಲ?"

"ಹಾಕಿದ್ದೆ. ದಾಖಲೆ ಖಾಲಿ. ನನ್ನ ತಪ್ಪು ಮುಚ್ಚೋಕೆ ನಾನೇ ಅಳಿಸಿದೆ ಅಂತಾರೆ ಪುರಸಭೆ ಮ್ಯಾನೇಜರ್ ಡ್ವೈಟ್ ಸಾಹೇಬ್ರು. ನಾಳೆ ಒಂಬತ್ತಕ್ಕೆ ಸಭೆ. ನನ್ನ ಕೆಲಸ ಹೋಯ್ತು ಅಂದ್ಕೊಳ್ಳಿ."

ಲೆಂಪಿ ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಳಾದವಳು. ಕೋಟು ತೊಟ್ಟೇಬಿಟ್ಟಳು.

* * *

ಸರ್ವರ್ ಕೋಣೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ತಂತ್ರಾಂಶ ಹಾಕಿದ ಮೇಲೆ ಯಂತ್ರ ಆರಿಸಿ ಹಚ್ಚಿದ್ಯಾ?"

ಆರ್ವಿಡ್ ಹಣೆ ಚಚ್ಚಿಕೊಂಡ. ತಂತ್ರಾಂಶ ಹಾಕಿದೊಡನೆ ಯಂತ್ರ ಆರಿಸಿ ಹಚ್ಚಿದ್ದ. ಯಂತ್ರ ಎದ್ದಾಗಲೆಲ್ಲ ಅದೂ ಏಳಬೇಕೆಂದು ಹೇಳಿಕೊಡುವುದನ್ನೇ ಮರೆತಿದ್ದ. ದಾಖಲೆಯನ್ನು ಯಾರೂ ಅಳಿಸಿರಲಿಲ್ಲ. ಅದು ಹುಟ್ಟಿಯೇ ಇರಲಿಲ್ಲ. ಈಗ ಸರಿಪಡಿಸಿದ. ನಿಮಿಷಕ್ಕೊಂದು ಅಳತೆ. ಎಂಬತ್ತು ಡಿಗ್ರಿ ದಾಟಿದರೆ ಅವನ ಲ್ಯಾಪ್‌ಟಾಪ್ ಕೂಗಬೇಕು.

ಹೊರಗೆ, ಬೆಳಿಗ್ಗೆ ಶಾಲಾ ಬಸ್ಸು ಓಡಿಸಿ ಸಂಜೆ ಪುರಸಭೆ ಗುಡಿಸುವ ಮಿಲೊ ಪೆಟ್ರಿಚ್ ನೆಲ ಒರೆಸುತ್ತಿದ್ದ.

"ಕೋಣೆ ತಣ್ಣಗೆ ಮಾಡೋ ಯಂತ್ರ ಯಾರು ಆರಿಸ್ತಾರೆ, ಮಿಲೊ?"

"ನಾನೇ! ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ. ಒಳಗೆ ದುಡ್ಡು ಕೊಟ್ಟು ಚಳಿ ಮಾಡ್ಬೇಕಾ?"

"ಸಿಕ್ಕಿದ ಕಳ್ಳ," ಎಂದ ಆರ್ವಿಡ್.

"ಹೋಗೋ! ಈ ಕೋಣೆ ಕೀಲಿ ನನ್ನೊಬ್ಬನ ಹತ್ರ ಅಲ್ಲ, ನಿನ್ನ ಹತ್ರ, ಡ್ವೈಟ್ ಸಾಹೇಬ್ರ ಹತ್ರನೂ ಇದೆ."

* * *

ಬೆಳಿಗ್ಗೆ ಪುರಸಭೆಯೆದುರಿನ ಲೆಂಪಿಯ ಅಡುಗೆಮನೆಯಲ್ಲಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕುಳಿತರು. ಸರ್ವರ್ ಕೋಣೆಯ ಶಾಖ ಸ್ಥಿರ. ಏಳು ಹತ್ತಕ್ಕೆ ಸರ್ವರಿನ ಮೇಲೆ ಬಿಸಿಗಾಳಿ ಹೊರಹೋಗುವ ಜಾಲರಿಯಡಿಯ ಅಳತೆ ಇದ್ದಕ್ಕಿದ್ದಂತೆ ನಾಲ್ಕು ಡಿಗ್ರಿ ಇಳಿಯಿತು.

"ಇಳೀತಿದೆ? ಬಿಸಿ ಆಗ್ಬೇಕಾದ್ದು!"

ಆಗಲೇ ಕಿಟಕಿಯಾಚೆ ಹಳದಿ ಶಾಲಾ ಬಸ್ಸು ಹಾದುಹೋಯಿತು. ಬೆಳಗಿನ ಕೆಲಸಕ್ಕಿದ್ದ ಮಿಲೊ ಚಕ್ರ ಹಿಡಿದೇ ಕೈಬೀಸಿದ. ಲೆಂಪಿ ನಕ್ಕಳು. ಅಳತೆ ಏರತೊಡಗಿತು. ಅರವತ್ತು. ಎಪ್ಪತ್ತು. ಎಂಬತ್ತೊಂದು. ಲ್ಯಾಪ್‌ಟಾಪ್ ಕೂಗಿತು.

"ಓಡು!"

* * *

ಒಂಬತ್ತಕ್ಕೆ ಸಭೆ ಸೇರಿತು. ಸರ್ವರ್ ಆರಿರಲಿಲ್ಲ. ಬೀದಿಗಳಲ್ಲಿ ಲಾರಿಗಳು ಹಿಮ ತಳ್ಳುತ್ತಿದ್ದವು. ಲೆಂಪಿ ಮೇಜಿನ ಮೇಲೆ ತೊಗಲಿನ ಒಂದು ಜೊತೆ ಒದ್ದೆ ಕೈಗವಸು ಇಟ್ಟಳು. ಮೀನಿನ ವಾಸನೆ ಹಬ್ಬಿತು.

"ಇವು ಸರ್ವರಿನ ಜಾಲರಿ ಮೇಲಿದ್ವು," ಎಂದಳು. "ಕೋಣೆ ಶಾಖ ಏರಿಲ್ಲ. ಹಾಗಾಗಿ ಮಿಲೊ ತಪ್ಪಲ್ಲ. ಮೊದಲು ಅಳತೆ ಇಳೀತು, ಅಂದ್ರೆ ಯಾರೋ ಮಂಜುಗಟ್ಟಿದ್ದನ್ನ ಇಟ್ರು. ಆಮೇಲೆ ಬಿಸಿಗಾಳಿ ದಾರಿ ಮುಚ್ಚಿ ಅಳತೆ ಏರ್ತು. ಬೆಳಿಗ್ಗೆ ಕೆರೆ ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿ, ನೇರ ಕಚೇರಿಗೆ ಬಂದು, ಬೆಚ್ಚಗಿನ ಜಾಗದಲ್ಲಿ ಕೈಗವಸು ಒಣಗಿಸೋರು ಯಾರು? ಕೋಣೆ ಕೀಲಿ ಇರೋದು ಮೂರೇ ಜನರ ಹತ್ರ. ಏಳು ಹತ್ತಕ್ಕೆ ಆರ್ವಿಡ್ ನನ್ನ ಪಕ್ಕ ಬನ್ ತಿಂತಿದ್ದ. ಮಿಲೊ ಬಸ್ಸಲ್ಲಿದ್ದ."

ಯಾರೋ ಕಿಸಕ್ಕನೆ ನಕ್ಕರು.

"ಕೇಡು ಯಾರ ಮನಸ್ಸಲ್ಲೂ ಇರ್ಲಿಲ್ಲ. ಆ ಹುಡುಗನ್ನ ಕೆಲಸದಿಂದ ತೆಗೆಯೋ ಕಾಗದ ಹರಿದುಹಾಕಿ. ಆಮೇಲೆ ನಿಮ್ಮ ಕೈಗವಸು ತಗೊಳ್ಳಿ, ಡ್ವೈಟ್ ಹಾಲ್ವರ್ಸನ್ ಅವ್ರೇ."