ಪಟ್ಟಿಯಲ್ಲಿಲ್ಲದ ಕ್ಯಾಮೆರಾ

ಲಿಫ್ಟ್ ಮೂರನೇ ಮತ್ತು ಎರಡನೇ ಮಹಡಿಯ ನಡುವೆ ನಿಂತಿತು.

ಕೆಟ್ಟು ನಿಂತದ್ದಲ್ಲ. ಯಾರೋ ನಿಲ್ಲಿಸಿದ್ದರು.

ದೀಪ ಆರಿತು. ಫ್ಯಾನ್ ನಿಂತಿತು. ಒಳಗೆ ಇಬ್ಬರೇ... ನಾನು ಮತ್ತು ಕ್ಯಾಮೆರಾ ಸರ್ವಿಸ್ ಸೆಂಟರಿನ ಮೆಕ್ಯಾನಿಕ್. ನನ್ನ ಬ್ಯಾಗಿನಲ್ಲಿ ಒಂದು ಕ್ಯಾಮೆರಾ.

ಮೇಲಿನಿಂದ ದನಿ ಬಂತು. ಗಡಿಬಿಡಿಯಿಲ್ಲದ, ಸಭ್ಯ ದನಿ.

"ಬ್ಯಾಗ್ ಕೊಟ್ಟುಬಿಡಿ. ಲಿಫ್ಟ್ ತಾನಾಗೇ ಸರಿಹೋಗುತ್ತೆ."

ಸಭ್ಯವಾಗಿ ಬೆದರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ನನ್ನ ಕಸುಬು ನಿಮಗೆ ಗೊತ್ತಿರಲಿ. ಕಂಪನಿಗಳು ಕೈತೊಳೆದುಕೊಂಡ ಸಾಮಾನನ್ನು ಗ್ರಾಹಕರಿಗೆ ವಾಪಸ್ ಕೊಡಿಸುವುದು. ಹೆಚ್ಚಾಗಿ ಫ್ರಿಜ್ಜು, ವಾಷಿಂಗ್ ಮಷಿನ್ನು. ಅದಕ್ಕಾಗಿ ಇದುವರೆಗೆ ಯಾರೂ ಲಿಫ್ಟ್ ನಿಲ್ಲಿಸಿರಲಿಲ್ಲ.

ಮೂರು ದಿನದ ಹಿಂದೆ ಸೇತುವೆ ಪರೀಕ್ಷಿಸುವ ಇಂಜಿನಿಯರಮ್ಮ ನನ್ನ ಆಫೀಸಿಗೆ ಬಂದಿದ್ದಳು. ಹೊಸ ಸೇತುವೆಯ ಕಂಬದ ಬುಡದಲ್ಲಿ ಬಿರುಕು ಕಂಡು ಫೋಟೋ ತೆಗೆದಿದ್ದಳಂತೆ. ಇಳಿಯುವಾಗ ಕ್ಯಾಮೆರಾ ಕೈಜಾರಿ ಬಿತ್ತು. ಫೋಟೋಗಳಿದ್ದ ಮೆಮೊರಿ ಕಾರ್ಡ್ ಒಳಗೇ ಸಿಕ್ಕಿಕೊಂಡಿತು. ರಿಪೇರಿಗೆ ಕೊಟ್ಟಳು. ಆ ಬ್ರ್ಯಾಂಡು ಡಿಸ್ಟ್ರಿಬ್ಯೂಟರನ್ನೇ ಬದಲಾಯಿಸಿತು.

ಹಳಬರು ಹೊಸಬರನ್ನು ಕೇಳಿ ಎಂದರು. ಹೊಸಬರು ಈ ರಸೀದಿ ನಮ್ಮದಲ್ಲ ಎಂದರು. ಅಷ್ಟರಲ್ಲಿ ಗುತ್ತಿಗೆದಾರ ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆಸಿದ್ದ. ಫೋಟೋ ಎಲ್ಲಿ ಎಂದು ಮೇಲಧಿಕಾರಿಗಳು ನಕ್ಕರು. ಸೋಮವಾರ ಉದ್ಘಾಟನೆ.

ಶನಿವಾರ ಬೆಳಿಗ್ಗೆ ಹೊಸ ಕಂಪನಿಯ ಕೌಂಟರಿಗೆ ನಾನೇ ಹೋದೆ. ಅಲ್ಲಿದ್ದ ಹೆಂಗಸು ಪಟ್ಟಿಯನ್ನು ನನ್ನತ್ತ ತಿರುಗಿಸಿದಳು. ಹಳೆಯ ಸೆಂಟರಿನಿಂದ ಇನ್ನೂರ ಹದಿನೆಂಟು ಕ್ಯಾಮೆರಾ ಬಂದಿದ್ದವು. ಇಂಜಿನಿಯರಮ್ಮನ ರಸೀದಿಯ ನಂಬರಿನ ಮೇಲೆ ಮಾತ್ರ ಗೀಟು.

ಒಂದೇ ಒಂದು.



ನೇರ ಹಳೆಯ ಸೆಂಟರಿಗೆ ಓಡಿದೆ. ಖಾಲಿ ಶೆಲ್ಫುಗಳು. ಗೋಡೆಯಲ್ಲಿ ಬೋರ್ಡು ಕಿತ್ತ ತೂತುಗಳು. ಇಪ್ಪತ್ತೆರಡು ವರ್ಷ ಅಲ್ಲೇ ಬಗ್ಗಿ ಕೂತ ಮೆಕ್ಯಾನಿಕ್ ತನ್ನ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಗುತ್ತಿಗೆದಾರನ ಕಡೆಯವರು ಕಳೆದ ವಾರ ಬಂದು ಮ್ಯಾನೇಜರ್ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದರಂತೆ. ಅವರು ಹೋದ ಮೇಲೆ ಮ್ಯಾನೇಜರೇ ಗೀಟೆಳೆದು, ಅದನ್ನು ಗುಜರಿಗೆ ಹಾಕು ಎಂದನಂತೆ.

"ಹಾಕಿದ್ರಾ?"

"ರಿಪೇರಿ ಮಾಡೋ ಕೈ ಇದು" ಎಂದು ಮೇಜಿನಡಿಯಿಂದ ಕ್ಯಾಮೆರಾ ತೆಗೆದುಕೊಟ್ಟ. "ಕಾರ್ಡ್ ಬರಬೇಕಂದ್ರೆ ಪೂರ್ತಿ ಬಿಚ್ಚಬೇಕು. ಇಲ್ಲಿ ಬೇಡ, ನಡೀರಿ."

ನಾವು ಲಿಫ್ಟ್ ಹತ್ತುವಾಗ ಮ್ಯಾನೇಜರ್ ತನ್ನ ಕೋಣೆಯ ಗಾಜಿನಿಂದ ನೋಡುತ್ತಿದ್ದ. ಕಿವಿಯಲ್ಲಿ ಫೋನ್.

ಮುಂದಿನದು ನಿಮಗೆ ಗೊತ್ತೇ ಇದೆ.

ಕತ್ತಲಲ್ಲಿ ಮೆಕ್ಯಾನಿಕ್ ಚಕ್ಕಳಮಕ್ಕಳ ಹಾಕಿ ಕೂತ. ಬಟ್ಟೆಯ ಗಂಟು ಬಿಚ್ಚಿದ. ನಾನು ಫೋನಿನ ಬೆಳಕು ಹಿಡಿದೆ. ಅವನು ಕ್ಯಾಮೆರಾವನ್ನು ಮಡಿಲಿಗೆ ಎಳೆದುಕೊಂಡ.

ಒಂದು ಸ್ಕ್ರೂ... ಎರಡು... ಐದು...

"ಮಾತಾಡ್ತಾ ಇರಿ" ಎಂದು ಪಿಸುಗುಟ್ಟಿದ.

ಮಾತಾಡಿದೆ. ಬ್ಯಾಗ್ ಕೊಟ್ಟರೆ ನಮ್ಮನ್ನು ಬಿಡುತ್ತೀರಿ ಎಂದು ಏನು ಗ್ಯಾರಂಟಿ ಎಂದೆ. ಹೆಂಡತಿ ಮಕ್ಕಳಿದ್ದಾರೆ ಎಂದು ಗೋಗರೆದೆ. ನನಗೆ ಮದುವೆಯೇ ಆಗಿಲ್ಲ.

ಎಂಟನೇ ಸ್ಕ್ರೂ ಬಿಟ್ಟಿತು. ಕಾರ್ಡ್ ಹೊರಬಂತು. ಟೆಸ್ಟಿಂಗಿಗೆ ಇಟ್ಟುಕೊಂಡಿದ್ದ ತನ್ನ ಕಾರ್ಡನ್ನು ಆ ಜಾಗಕ್ಕೆ ತುರುಕಿದ. ಎರಡು ಸ್ಕ್ರೂ ಹಾಕುವಷ್ಟರಲ್ಲಿ ಲಿಫ್ಟ್ ಕುಲುಕಿ ಮೇಲಕ್ಕೆ ಹೊರಟಿತು. ಅಸಲಿ ಕಾರ್ಡನ್ನು ಬಾಯಿಗೆ ಹಾಕಿಕೊಂಡ.

ಬಾಗಿಲು ತೆರೆಯಿತು. ಇಬ್ಬರು. ಒಬ್ಬನ ಕೈಯಲ್ಲಿ ಕಬ್ಬಿಣದ ಸರಳು. ಕ್ಯಾಮೆರಾ ಕಿತ್ತುಕೊಂಡು, ಒಳಗೆ ಕಾರ್ಡ್ ಇರುವುದನ್ನು ನೋಡಿ, ಎರಡನ್ನೂ ನೆಲಕ್ಕಿಟ್ಟು ಜಜ್ಜಿದರು. ಸಭ್ಯ ದನಿಯವನು ಮೆಕ್ಯಾನಿಕ್‌ನ ಮುಂದೆ ನಿಂತ.

"ಬೇರೆ ಏನಾದ್ರೂ ಇದ್ಯಾ?"

ಮೆಕ್ಯಾನಿಕ್ ಇಲ್ಲವೆಂದು ತಲೆಯಾಡಿಸಿದ. ಕೆನ್ನೆಗೆ ಏಟು ಬಿತ್ತು. ಮತ್ತೊಂದು. ಬಾಯಿ ತುಂಬ ರಕ್ತ ಬಂದಿರಬೇಕು. ಉಗುಳಲಿಲ್ಲ. ರಕ್ತವನ್ನಷ್ಟೇ ನುಂಗಿದ.

ಕಾರ್ಡಿನ ಫೋಟೋಗಳನ್ನು ನೋಡಿದ ಮೇಲಧಿಕಾರಿಗಳು ಭಾನುವಾರ ಸಂಜೆ ಉದ್ಘಾಟನೆ ರದ್ದು ಮಾಡಿ ಸೇತುವೆ ಮುಚ್ಚಿದರು. ಮೆತ್ತಿದ ಸಿಮೆಂಟು ಕೆತ್ತಿದಾಗ ಇಂಜಿನಿಯರಮ್ಮನ ನಾಲ್ಕು ಬೆರಳೂ ಬಿರುಕಿನೊಳಗೆ ಹೋದವಂತೆ. ಗುತ್ತಿಗೆದಾರ ತಲೆಮರೆಸಿಕೊಂಡ. ಲಿಫ್ಟ್ ನಿಲ್ಲಿಸಿದ ಇಬ್ಬರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಪುಡಿಯಾದ ಕ್ಯಾಮೆರಾಗಾಗಿ ಹೊಸ ಡಿಸ್ಟ್ರಿಬ್ಯೂಟರಿಗೆ ದೂರು ಬರೆದೆ. ಮ್ಯಾನೇಜರ್ ಎಳೆದ ಗೀಟಿನ ವಿಷಯವನ್ನೂ ಬಿಡದೆ ಬರೆದೆ. ಎರಡು ವಾರಕ್ಕೆ ಉತ್ತರ ಬಂತು. ಅನಧಿಕೃತ ವ್ಯಕ್ತಿ ಬಿಚ್ಚಿದ್ದರಿಂದ ವಾರಂಟಿ ರದ್ದಾಗಿದೆ.

ಸಹಿ ನೋಡಿದೆ. ಅದೇ ಮ್ಯಾನೇಜರ್. ಈಗ ಹೊಸ ಕಂಪನಿಯಲ್ಲಿ ಗ್ರಾಹಕ ಸೇವೆಯ ಮುಖ್ಯಸ್ಥ.

ದೂರಿನಲ್ಲಿ ನಾನು ಕೊಟ್ಟಿದ್ದು ಆಫೀಸಿನ ವಿಳಾಸ ಮಾತ್ರ. ಉತ್ತರ ನನ್ನ ಮಲಗುವ ಕೋಣೆಯ ಮೇಜಿನ ಮೇಲಿತ್ತು... ಮನೆಗೆ ನಾನು ಹಾಕಿದ ಬೀಗ ಹಾಕಿದ ಹಾಗೇ ಇತ್ತು.

ಡಿಸ್ಟ್ರಿಬ್ಯೂಟರ್ ಬದಲಾದ ಮೇಲೆ ಸರ್ವಿಸ್ ಸುಧಾರಿಸಿದೆ.