ಗೂಡಿನ ಮುಂದಿನ ಎಲೆಗಳು

"ಆ ಎಲೆ ಮುಟ್ಟಬೇಡಿ!"

ಬೆನ್ನ ಹಿಂದಿನಿಂದ ಬಂದ ಗದರಿಕೆಗೆ ಅವಳು ಚಾಚಿದ್ದ ಕೈ ಅಲ್ಲೇ ನಿಂತುಬಿಟ್ಟಿತು.

ತಿರುಗಿ ನೋಡಿದರೆ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರ್! ಒಂದು ಕೈಯಲ್ಲಿ ಅವಳು ಚಿಕಿತ್ಸೆಗೆ ತಂದಿದ್ದ ಮನೆಯ ಬೆಕ್ಕು, ಇನ್ನೊಂದು ಕೈ ತುಂಬ ಅದು ಪರಚಿದ ಗಾಯ. ಬೆಕ್ಕಿಗಿಂತ ಅವನಿಗೇ ಹೆಚ್ಚು ಸಿಟ್ಟು ಬಂದಂತಿತ್ತು.

"ಒಂದೇ ಒಂದು ಫೋಟೋ... ಗೂಡು ಸರಿಯಾಗಿ ಕಾಣ್ತಿರ್ಲಿಲ್ಲ, ಅದಕ್ಕೇ..."

"ಕಾಣಬಾರದು ಅಂತಾನೇ ಹಕ್ಕಿ ಅಲ್ಲಿ ಗೂಡು ಕಟ್ಟಿರೋದು. ಎಲೆ ಸರಿಸಿದ್ರೆ ನಿಮಗೆ ಫೋಟೋ ಸಿಗುತ್ತೆ, ಕಾಗೆಗೆ ಊಟ ಸಿಗುತ್ತೆ."

ಅವಳ ಕಿವಿ ಕೆಂಪಾಯಿತು. ಆಸ್ಪತ್ರೆಯ ಹಿತ್ತಲಿನ ಆ ದಾಸವಾಳದ ಪೊದೆಯಲ್ಲಿ ಪಿಕಳಾರ ಹಕ್ಕಿ ಎರಡು ಮೊಟ್ಟೆ ಇಟ್ಟಿತ್ತು. ಅಕ್ಕ ಕೊಟ್ಟ ಹಳೆಯ ಕ್ಯಾಮೆರಾ ಅವಳ ಕೈಗೆ ಬಂದು ಇನ್ನೂ ಒಂದು ವಾರವಾಗಿತ್ತಷ್ಟೆ. ನಾಯಿ, ಬೆಕ್ಕು, ಅಳಿಲು, ಮಿಡತೆ, ಕಣ್ಣಿಗೆ ಬಿದ್ದದ್ದೆಲ್ಲ ಕ್ಯಾಮೆರಾದೊಳಗೆ ಹೋಗಲೇಬೇಕು, ಅದೂ ತಕ್ಷಣ! ಮನೆಯಲ್ಲಿ ಅವಳನ್ನು 'ಗಡಿಬಿಡಿ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

"ಸಾರಿ," ಎಂದಳು ಮೆಲ್ಲಗೆ.

ಅವನ ದನಿಯೂ ಸ್ವಲ್ಪ ಇಳಿಯಿತು. "ಫೋಟೋ ಬೇಕೇ ಬೇಕು ಅಂದ್ರೆ ಬೆಳಗ್ಗೆ ಆರೂವರೆಗೆ ಬನ್ನಿ. ಆ ಕಲ್ಲುಬೆಂಚಿನ ಹಿಂದೆ ಕೂತು ತೆಗೀರಿ. ಬೆಂಚು ದಾಟಿದ್ರೆ ಈ ಬೆಕ್ಕನ್ನ ನಿಮ್ಮ ಮೇಲೇ ಬಿಡ್ತೀನಿ."

ಎಂಥ ಸಿಡುಕ ಇವನು! ಎಂದುಕೊಂಡಳು. ಮರುದಿನ ಆರೂ ಇಪ್ಪತ್ತಕ್ಕೇ ಬಂದಿದ್ದಳು.

ಮೊದಲ ವಾರ ತೆಗೆದ ಚಿತ್ರಗಳೆಲ್ಲ ಮಸಕು ಮಸಕು. ಹಕ್ಕಿ ಎಲ್ಲಿ, ಕೊಂಬೆ ಎಲ್ಲಿ ಎಂದು ಅವಳೇ ಹುಡುಕಬೇಕಿತ್ತು. ರೋಗಿಗಳು ಬರುವ ಮುನ್ನ ಅವನೂ ಬೆಂಚಿನ ಪಕ್ಕ ಬಂದು ಕೂರುತ್ತಿದ್ದ. ಕಾಲೇಜಿನ ದಿನಗಳಲ್ಲಿ ಅವನಿಗೂ ಕ್ಯಾಮೆರಾದ ಹುಚ್ಚು ಇತ್ತಂತೆ.

"ಮೊಣಕೈ ಬೆಂಚಿಗೆ ಊರಿ. ಉಸಿರು ಪೂರ್ತಿ ಬಿಟ್ಟು, ಆಮೇಲೆ ಬಟನ್ ಒತ್ತಿ. ಮೊದಲು ಹಕ್ಕಿ ನಿಮ್ಮನ್ನ ಮರೀಬೇಕು. ಅಲ್ಲಿವರೆಗೂ ಕಾಯಿರಿ."

ಅವಳು ಉಸಿರು ಬಿಡುತ್ತಿದ್ದಳು. ಆದರೆ ಅವನ ತೋಳು ತಾಗಿದಾಗ ಮತ್ತೆ ಉಸಿರು ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಹಕ್ಕಿ ಮರೆತರೆ ಸಾಕು, ಇವನು ಮರೆಯದಿದ್ದರೆ ಸಾಕು... ಛೇ, ಏನು ಯೋಚನೆ ಇದು!

ಅವನ ಜೊತೆ ಇದ್ದದ್ದು ಅಜ್ಜಿ ಒಬ್ಬರೇ. ಆಸ್ಪತ್ರೆಗೆ ಅಂಟಿಕೊಂಡ ಮನೆಯಿಂದ ದಿನಾ ಎರಡು ಲೋಟ ಕಾಫಿ ತಂದು, ಬೇಕೆಂದೇ ನಿಧಾನವಾಗಿ ಒಳಗೆ ಹೋಗುತ್ತಿದ್ದರು. ಅಜ್ಜಿಯ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು.

ಮೂರು ವಾರ ಕಳೆಯಿತು. ಮೊಟ್ಟೆ ಒಡೆದು ಎರಡು ಮರಿಗಳು ಬಂದವು. ಅಷ್ಟರಲ್ಲಿ ಪೇಟೆಯ ಗ್ರಂಥಾಲಯದವರು ಹೊಸಬರ ಫೋಟೋ ಪ್ರದರ್ಶನ ಇಟ್ಟರು. ಚಿತ್ರ ಕೊಡಲು ಶನಿವಾರ ಕೊನೆಯ ದಿನ. ಶುಕ್ರವಾರ ಬೆಂಚಿನ ಹಿಂದೆ ಕೂತು ಅವಳು ಗೊಣಗಿದಳು.

"ಆ ಎಲೆಗಳು ಇಲ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಅವನು ಹುಬ್ಬು ಗಂಟಿಕ್ಕಿದ. ಕಾಫಿ ತಂದಿದ್ದ ಅಜ್ಜಿ ತಲೆಯಾಡಿಸಿದರು.

ಶನಿವಾರ ಬೆಳಗ್ಗೆ ಅವಳು ಗೇಟು ತೆರೆದು ಬಂದಾಗ ಅಜ್ಜಿ ಪೊದೆಯ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿ ಗಿಡ ಕತ್ತರಿಸುವ ದೊಡ್ಡ ಕತ್ತರಿ. ಮುಖದ ತುಂಬ ನಗು.

"ಬಾ ಮಗಳೇ! ನಿನ್ನ ಫೋಟೋಗೆ ಅಡ್ಡ ಬರ್ತಿತ್ತಲ್ಲ, ಎಲ್ಲಾ ತೆಗೆದುಬಿಟ್ಟೆ. ಈಗ ನೋಡು, ಎಷ್ಟು ಬೆಳಕು!"

ಅವಳು ಪೊದೆಯತ್ತ ತಿರುಗಿದಳು. ಗೂಡು ಬಟಾಬಯಲಾಗಿತ್ತು. ಪುಕ್ಕ ಪೂರ್ತಿ ಬಾರದ ಎರಡು ಮರಿಗಳು, ಮೇಲೆ ಬರಿಯ ಆಕಾಶ. ತಾಯಿಹಕ್ಕಿ ತಂತಿಯ ಮೇಲೆ ಕೂತು ಒಂದೇ ಸಮನೆ ಅರಚುತ್ತಿತ್ತು.

ಏನು ಹೇಳಲಿ ಇವರಿಗೆ? ಹೋದ ತಿಂಗಳು ಅಜ್ಜಿ ಮರೆತು ಗೇಟು ತೆರೆದಿಟ್ಟಾಗ ಗಾಯಗೊಂಡ ನಾಯಿಯೊಂದು ಹೊರಗೆ ಓಡಿಹೋಗಿತ್ತಂತೆ. ಮೊಮ್ಮಗ ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ಅಜ್ಜಿ ಎರಡು ದಿನ ತುತ್ತು ಮುಟ್ಟಿರಲಿಲ್ಲ.

"ಕತ್ತರಿ ಕೊಡಿ ಅಜ್ಜಿ. ನೀವು ಒಳಗೆ ಹೋಗಿ, ನಾನು ನೋಡ್ಕೊಳ್ತೀನಿ."

ಅಜ್ಜಿ ಒಳಗೆ ಹೋದರು. ಅವರ ಹಿಂದೆ ಬಾಗಿಲು ಮುಚ್ಚುತ್ತಿದ್ದಂತೆ ಆಸ್ಪತ್ರೆಯ ಬಾಗಿಲು ತೆರೆಯಿತು.

ಅವನು ಪೊದೆ ನೋಡಿದ. ನೆಲದ ಮೇಲೆ ಬಿದ್ದ ಎಲೆಗಳನ್ನು ನೋಡಿದ. ಆಮೇಲೆ ಅವಳ ಕೈಯಲ್ಲಿದ್ದ ಕತ್ತರಿಯನ್ನು.

"ಒಂದು ಫೋಟೋಗೋಸ್ಕರ..."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ತಣ್ಣನೆಯ ದನಿ ಕರುಳಿಗೇ ಚುಚ್ಚಿತು.

"ಮೂರು ವಾರ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ಟೆ. ನೀವು ಬದಲಾಗಿದ್ದೀರಿ ಅಂದ್ಕೊಂಡಿದ್ದೆ."

ನಾನಲ್ಲ! ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಿಟಕಿಯ ಸರಳು ಹಿಡಿದು ನಿಂತ ಅಜ್ಜಿಯ ಮುಖ ಕಂಡಿತು. ನಗು ಮಾಯವಾಗಿ, ತುಟಿ ನಡುಗುತ್ತಿತ್ತು. ಅವಳು ಮಾತು ನುಂಗಿಕೊಂಡಳು.

ಅವನ ಫೋನು ಬಡಿದುಕೊಂಡಿತು. ಯಾವುದೋ ಹಸುವಿಗೆ ಹೆರಿಗೆ ಕಷ್ಟವಾಗಿದೆ, ಕರು ಅಡ್ಡ ತಿರುಗಿದೆ, ಈಗಲೇ ಬರಬೇಕು. ಅವನು ಬ್ಯಾಗು ಎತ್ತಿಕೊಂಡ.

"ನಾನು ಬರೋದ್ರೊಳಗೆ ಹೋಗಿಬಿಡಿ. ಇನ್ನು ಈ ಗೇಟಿನೊಳಗೆ ಬರಬೇಡಿ."

ಜೀಪು ಹೊರಟುಹೋಯಿತು. ಅವಳ ಕಣ್ಣಿಂದ ನೀರು ದಳದಳನೆ ಇಳಿಯಿತು.

ಹೋಗಿಬಿಡಲೇ?

ಕಾಂಪೌಂಡಿನ ಮೇಲೆ ಕಾಗೆಯೊಂದು ಬಂದು ಕೂತಿತು. ಕತ್ತು ಓರೆ ಮಾಡಿ ಗೂಡಿನತ್ತ ನೋಡಿತು. ಅವಳು ಕಣ್ಣೊರೆಸಿಕೊಂಡಳು. ಅಳಲು ಆಮೇಲೆ ಬೇಕಾದಷ್ಟು ಹೊತ್ತಿತ್ತು.

"ಹೋಗ್! ಹೋಗ್!" ಕಾಗೆ ಹಾರಿತು. ಜೊತೆಗೆ ತಾಯಿಹಕ್ಕಿಯೂ ಹಾರಿತು!

ಇದೇ ಪೇಚು. ಹತ್ತಿರ ಹೋದರೆ ತಾಯಿ ಬರುವುದಿಲ್ಲ, ದೂರ ನಿಂತರೆ ಕಾಗೆ ಬಿಡುವುದಿಲ್ಲ. ಬಿಸಿಲು ಬೇರೆ ಏರುತ್ತಿದೆ. ಅಜ್ಜಿಯ ಛತ್ರಿಯನ್ನು ಕೋಲಿಗೆ ಕಟ್ಟಿ, ಗೂಡಿನ ಮೇಲೆ ನೆರಳು ಬೀಳುವಂತೆ ನೆಟ್ಟು, ಬೆಂಚಿನ ಹಿಂದೆ ಮಂಡಿಯೂರಿ ಕೂತಳು. ಕಾಗೆ ಇಳಿದಾಗಲೆಲ್ಲ ಒಂದು ಸಣ್ಣ ಕಲ್ಲು ಕಾಂಪೌಂಡಿನ ಕಡೆಗೆ. ಉಳಿದಂತೆ ಅಲುಗಾಡುವಂತಿಲ್ಲ.

ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಫೋನು ಬಂತು. "ಇವತ್ತು ಬರೋಕಾಗಲ್ಲ ಸರ್," ಎಂದು ಪಿಸುಗುಟ್ಟಿ ಇಟ್ಟಳು.

ಹತ್ತು ಗಂಟೆ... ಹನ್ನೊಂದು... ತಾಯಿ ತಂತಿಯಿಂದ ಇಳಿಯಲೇ ಇಲ್ಲ. ಛತ್ರಿಗೆ ಹೆದರಿತೇ? ಒಂದು ಮರಿ ಕತ್ತು ಚೆಲ್ಲಿತ್ತು. ಬಾ ತಾಯಿ... ನನ್ನನ್ನು ಮರೆತುಬಿಡು, ಬಾ!

ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಗ್ರಂಥಾಲಯ ಮುಚ್ಚುವ ಹೊತ್ತು ಮಧ್ಯಾಹ್ನ ಎರಡು ಗಂಟೆ. ಎರಡು ಗಂಟೆಯೂ ಹೊಡೆಯಿತು.

ಮೂರರ ಸುಮಾರಿಗೆ ಜೀಪು ಬಂದು ನಿಂತಾಗ ಗೇಟಿನ ಬಳಿ ಅಜ್ಜಿ ಕಾಯುತ್ತಿದ್ದರು.

"ಹಸು ಹೇಗಿದೆಯೋ?"

"ಹಸು, ಕರು ಎರಡೂ ಆರಾಮು. ಯಾಕಜ್ಜಿ, ಬಿಸಿಲಲ್ಲಿ..."

"ಆ ಗಿಡ ಕತ್ತರಿಸಿದ್ದು ನಾನು ಕಣೋ."

ಅವನು ಬ್ಯಾಗು ಕೆಳಗಿಟ್ಟು ಅಜ್ಜಿಯತ್ತ ತಿರುಗಿದ.

"ಗೂಡಿನ ಮರೆ ಹೋಗುತ್ತೆ ಅಂತ ನಂಗೇನು ಗೊತ್ತು? ಅವಳ ಫೋಟೋ ಚೆನ್ನಾಗಿ ಬರ್ಲಿ, ಅವಳು ಬರ್ತಾನೇ ಇರ್ಲಿ ಅಂತ ಆಸೆ. ಅವಳು ಬಂದಾಗಿಂದ ನಿನ್ನ ಮುಖದಲ್ಲಿ ಒಂದಿಷ್ಟು ನಗು ನೋಡ್ತಿದ್ದೆ. ನೀನು ಬೈದಾಗ ಕಿಟಕಿ ಹತ್ರಾನೇ ಇದ್ದೆ, ಬಾಯೇ ಬರ್ಲಿಲ್ಲ."

"ಆಗಲೇ ಹೇಳ್ಬಾರ್ದಿತ್ತಾ ಅಜ್ಜಿ?"

"ನಿನ್ನ ಸಿಟ್ಟಿಗೆ ಹೆದರಿಕೆ ಆಗುತ್ತಪ್ಪಾ..." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಹುಡುಗಿ ಬೆಳಗ್ಗಿಂದ ಹನಿ ನೀರೂ ಕುಡಿದಿಲ್ಲ. ಕರೆದ್ರೆ, ಸದ್ದು ಮಾಡಬೇಡಿ ಅಂತ ಕೈ ಸನ್ನೆ ಮಾಡ್ತಾಳೆ."

ಅವನು ಅಜ್ಜಿಯ ಭುಜ ಹಿಡಿದು ಒಳಗೆ ಕೂರಿಸಿ, ಒಂದು ಚೊಂಬು ನೀರು ಹಿಡಿದು ಹಿತ್ತಲಿಗೆ ಬಂದ.

ಅವಳು ಬೆಂಚಿನ ಹಿಂದೆ ಮಂಡಿಯೂರಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು.

"ನಾನು..." ಎಂದು ಅವನು ಬಾಯಿ ತೆರೆದ.

"ಶ್! ಅಲುಗಾಡಬೇಡಿ!"

ತಂತಿಯಿಂದ ತಾಯಿಹಕ್ಕಿ ಇಳಿಯಿತು. ಛತ್ರಿಯ ಅಂಚಿಗೆ ಬಂತು. ಕೊಂಬೆಗೆ ಹಾರಿತು. ಹಿಂದೆ ಹೋಯಿತು... ಮತ್ತೆ ಬಂತು! ಗೂಡಿನ ಅಂಚಿನಲ್ಲಿ ಕೂತು ಬಾಗಿತು. ಎರಡು ಕೆಂಪು ಬಾಯಿಗಳು ಒಟ್ಟಿಗೆ ತೆರೆದವು.

ಅವಳು ಬಿಕ್ಕಿದಳು. ಆ ಬಿಕ್ಕನ್ನೂ ಅಂಗೈಯಿಂದ ಮುಚ್ಚಿಕೊಂಡಳು. ಅವನು ನೆಲದ ಮೇಲೆ ತೆವಳಿಕೊಂಡೇ ಬಂದು ಪಕ್ಕದಲ್ಲಿ ಕೂತು, ನೀರಿನ ಚೊಂಬು ಮುಂದಿಟ್ಟ.

"ಅಜ್ಜಿ ಎಲ್ಲಾ ಹೇಳಿದ್ರು," ಎಂದ ಪಿಸುದನಿಯಲ್ಲಿ. "ಯಾಕೆ ಸುಮ್ನಿದ್ರಿ?"

"ಅಜ್ಜಿ ಮತ್ತೆ ಊಟ ಬಿಡ್ತಾರೆ ಅನ್ನಿಸ್ತು."

"ನಾನು ಕೇಳ್ಬೇಕಿತ್ತು. ಕೇಳದೇನೇ ತೀರ್ಮಾನ ಮಾಡಿಬಿಟ್ಟೆ. ತಪ್ಪಾಯ್ತು."

"ಮರಿಗಳಿಗೆ ಏನಾದ್ರೂ ಆಗಿದ್ರೆ ನಿಮ್ಮನ್ನ ಈ ಜನ್ಮದಲ್ಲಿ ಕ್ಷಮಿಸ್ತಿರ್ಲಿಲ್ಲ. ಈಗಲೂ ಪೂರ್ತಿ ಕ್ಷಮಿಸಿಲ್ಲ."

"ಕ್ಷಮಿಸಬೇಡಿ. ಬರ್ತಾ ಇರಿ, ಸಾಕು. ದಿನಾ."

"ಗೇಟಿನೊಳಗೆ ಬರಬೇಡಿ ಅಂದ್ರಲ್ಲ?"

ಅವನು ತಲೆ ತಗ್ಗಿಸಿದ. ದಾರಿಯುದ್ದಕ್ಕೂ ಆ ಮಾತೇ ಅವನನ್ನು ಕುಕ್ಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತಿರಲಿಲ್ಲ. ಕಣ್ಣು ಗೂಡಿನ ಮೇಲೇ ಇರಬೇಕಿತ್ತು. ಬಹುಶಃ ಅದರಿಂದಲೇ ಅವನಿಗೆ ಧೈರ್ಯ ಬಂದಿತೇನೋ.

"ನೀವು ಬರದಿದ್ರೆ ನನಗೆ ಬೆಳಗೇ ಆಗಲ್ಲ. ನಿಮ್ಮನ್ನ ತುಂಬ ಪ್ರೀತಿಸ್ತೀನಿ."

ಅವಳ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಹಕ್ಕಿಗೆ ಕೇಳಿಸೀತೆಂದು ಭಯವಾಯಿತು.

"ಇನ್ನೊಂದ್ಸಲ ಹೇಳಿ."

"ಹಕ್ಕಿ ಹಾರಿಹೋಗುತ್ತೆ..."

"ಹಾಗಾದ್ರೆ ಇನ್ನೂ ಹತ್ರ ಬಂದು, ಇನ್ನೂ ಮೆತ್ತಗೆ ಹೇಳಿ."